ಹಡಪಸರದಿಂದ ಹೊರಟು ಗಿಟಾರು ತಂದದ್ದು

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟವರಿಗೆ, ಪಟ್ಟಣ ಮುಗಿಯಿತೆನ್ನುವಲ್ಲಿ ಸಿಗುವ ಊರು ಹಡಪಸರ. ಮುಗಿಯಿತೆನ್ನುವುದು ಹಿಂದಿನವರ ಮಾತು. ಈಗ ಪಟ್ಟಣವೇ ಹಡಪಸರವನ್ನು ದಾಟಿ ಮುಂದಕ್ಕೆ ಹೋಗಿದೆ. ಖಡಕವಾಸಲೆಯ ಅಣೆಕಟ್ಟಿನಿಂದ ಬರುವ ಕಾಲುವೆಯ ನೀರುಂಡು ಕಬ್ಬು, ಕಾಯಿಪಲ್ಲೆ ಬೆಳೆಯುತ್ತಿದ್ದ ಊರಿದು. ೧೯೬೬ರಲ್ಲಿ ಇಲ್ಲಿ ಆರಂಭವಾದ ಸೀರಮ್ ಸಂಸ್ಥೆಯ ಲಸಿಕೆ ಇಂದು ಲೋಕದ ಎಷ್ಟೋ ದೇಶಗಳ ಮಕ್ಕಳ ತೋಳಿಗೆ ತಲುಪುತ್ತದೆ. ಮಗರ ಮನೆತನದ ನೂರಕ್ಕೂ ಹೆಚ್ಚು ಒಕ್ಕಲು ಕುಟುಂಬಗಳು ತಮ್ಮ ಸುಮಾರು ೪೦೦ ಎಕರೆ ಹೊಲವನ್ನು ಮಾರಿ ಕೈತೊಳೆದುಕೊಳ್ಳದೆ, ಒಟ್ಟುಗೂಡಿಸಿ ತಾವೇ ಪಾಲುದಾರರಾಗಿ ಮಗರಪಟ್ಟಾ ನಗರವನ್ನು ಕಟ್ಟಿಸಿದರು. ಗಣಕಯಂತ್ರದ ಕಚೇರಿಗಳು ಬಂದವು. ಅವುಗಳ ಹಿಂದೆಯೇ ನಾಡಿನ ಮೂಲೆಮೂಲೆಯ ಜನ ಬಂದರು. ಆ ಜನದಲ್ಲಿ ನಾವೂ ಒಬ್ಬರು. ನಮ್ಮದು ಗಣಕಯಂತ್ರದ ಕಚೇರಿಯಲ್ಲ. ಸರಕಾರಿ ಕಚೇರಿಯೊಂದರ ಗುಮಾಸ್ತಿಕೆ. ಬಾಡಿಗೆ ಕಡಿಮೆಯೆಂದು ಗಾಡಿತಳದ ಆಚೆಗೆ ಎರಡು ಕೋಣೆಯ ಮನೆ ಹಿಡಿದು ಒಂಬತ್ತು ವರ್ಷವಾಯಿತು.

ಹಡಪಸರದಲ್ಲಿ ಸಂಗೀತವುಂಟೇ ಎಂದು ಕೇಳಿದರೆ, ವರ್ಷಕ್ಕೆ ಒಂದು ದಿನ ಬಂದು ನೋಡಿರಿ ಎನ್ನಬೇಕು. ಆಷಾಢ ಏಕಾದಶಿಗೆ ಮೊದಲು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹುವಿನಿಂದ ತುಕಾರಾಮರ ಪಾಲಖಿಯೂ ಪುಣೆಯಲ್ಲಿ ತಂಗಿ, ಪಂಢರಪುರದ ದಾರಿಯಲ್ಲಿ ನಮ್ಮೂರಿಗೆ ಬರುತ್ತವೆ. ಇಲ್ಲಿಯೇ ಅವುಗಳ ದಾರಿ ಕವಲಾಗುತ್ತದೆ. ಒಂದು ದಿವೆ ಘಾಟ ಹತ್ತಿ ಸಾಸವಡಕ್ಕೆ, ಇನ್ನೊಂದು ಲೋಣಿ ಕಾಳಭೋರಕ್ಕೆ. ಆ ದಿನ ತಾಳ ಮೃದಂಗಗಳ ನಡುವೆ, ಪ್ರತಿಯೊಂದು ದಿಂಡಿಯಲ್ಲಿಯೂ ಒಬ್ಬಾತ ಕೊರಳಿಗೆ ವೀಣೆ ತೂಗಿಹಾಕಿಕೊಂಡು ಸಾಗುತ್ತಾನೆ. ನಮ್ಮ ಮಗಳು ಕಣ್ಣಾರೆ ಕಂಡ ಮೊದಲನೆಯ ತಂತಿವಾದ್ಯ ಅದು.

ಎರಡನೆಯದು ಗಿಟಾರು. ನಮ್ಮ ಎದುರು ಮನೆಯಲ್ಲಿ ಶಿಲ್ಲಾಂಗಿನ ತರುಣನೊಬ್ಬ ಬಾಡಿಗೆಗಿದ್ದಾನೆ. ವಾರದ ಐದು ದಿನ ಮಗರಪಟ್ಟಾದಲ್ಲಿ ಕೆಲಸ. ರವಿವಾರ ಮುಂಜಾನೆ ಕಟ್ಟಡದ ಮಕ್ಕಳಿಗೆ ಗಿಟಾರು ಹೇಳಿಕೊಡುತ್ತಾನೆ. ನಮ್ಮ ಮಗಳಿಗೆ ಹನ್ನೊಂದು ವರ್ಷ. ಎರಡು ತಿಂಗಳು ಅವನ ಬಾಗಿಲಲ್ಲಿ ನಿಂತು ಕೇಳಿದಳು. ಮೂರನೆಯ ತಿಂಗಳು, “ಅಪ್ಪಾ, ನನಗೂ ಗಿಟಾರ ಬೇಕು,” ಎಂದಳು. ಆಗತಾನೇ ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಿತ್ತು. ಅದರಲ್ಲಿ ಎಂಟು ಸಾವಿರದವರೆಗೆ ಕೊಡಬಹುದೆಂದು ನಮ್ಮ ಮನೆಯವರೂ ನಾವೂ ಲೆಕ್ಕ ಹಾಕಿದೆವು.

ಆದರೆ ಮನೆಯಲ್ಲಿ ಹಿರಿಯರೊಬ್ಬರಿದ್ದರು. ನಮ್ಮ ಅವ್ವ ಗದಗಿನ ಕಡೆಯ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು ನಾಲ್ಕು ವರ್ಷವಾದರೂ ಮರಾಠಿ ಅವಳ ನಾಲಗೆಗೆ ಹತ್ತಿಲ್ಲ. ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯೇ ಅವಳ ಸಂಗೀತಶಾಲೆ. ರೇಡಿಯೋದ ಮುಂದೆ ಕುಳಿತು ಕಲಿತ ದಾಸರ ಪದ, ಶರಣರ ವಚನ, ಶರೀಫರ ತತ್ವಪದಗಳು ಇಂದಿಗೂ ಅವಳ ಬಾಯಲ್ಲಿವೆ. ಮಗಳು ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಗೆಳತಿಯರೊಡನೆ ಹಿಂದಿ. ಕನ್ನಡ ಉಳಿದದ್ದು ಸಂಜೆ ದೀಪ ಹಚ್ಚಿದ ಮೇಲೆ ಆಯಿಯ ಮಗ್ಗುಲಲ್ಲಿ ಕುಳಿತು ಎರಡು ಪದ ಹೇಳುವ ಅರ್ಧ ತಾಸಿನಲ್ಲಿ ಮಾತ್ರ. ಗಿಟಾರು ಬಂದರೆ ಆ ಅರ್ಧ ತಾಸೂ ಹೋಯಿತೆಂದು ಅವ್ವನ ಅಂಜಿಕೆ. ಬಾಯಿಬಿಟ್ಟು ಹಾಗೆ ಹೇಳಲಿಲ್ಲ. “ತಂತೀನ ಬೇಕಂದ್ರ ಮಿರಜಿನಾಗ ಒಂದು ತಂಬೂರಿ ತರ್ರಿ. ಆ ಪೆಟ್ಟಿಗಿ ಯಾಕ?” ಎಂದಳು.

ಪರಸ್ಥಳದಲ್ಲಿ ಸಂಸಾರ ಹೂಡಿದ ವಾಚಕರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಇದು ವಾದ್ಯದ ಜಗಳವಲ್ಲ; ಹುಡುಗಿ ಯಾರ ಕಡೆಗೆ ಬೆಳೆಯುತ್ತಾಳೆಂಬ ಪ್ರಶ್ನೆ.

ಇನ್ನೊಂದು ಅಂಜಿಕೆ ನಮ್ಮದೂ ಇತ್ತು. ನಮ್ಮ ಕಟ್ಟಡದಲ್ಲಿ ನಾಲ್ಕು ಗಿಟಾರುಗಳಿವೆ. ಅವುಗಳಲ್ಲಿ ಮೂರು ಕಪಾಟಿನ ಮೇಲೆ ಮಲಗಿವೆ. ಮೇಲಿನ ಮಹಡಿಯ ಹುಡುಗನಿಗೆ ಅವನ ತಂದೆ ಫೋನಿನಲ್ಲಿಯೇ ಚಿತ್ರ ನೋಡಿ ಎರಡೂವರೆ ಸಾವಿರಕ್ಕೆ ತರಿಸಿಕೊಟ್ಟಿದ್ದರು. ಕಪ್ಪಗೆ ಮಿರಿಮಿರಿ ಮಿಂಚುವ ದೊಡ್ಡ ವಾದ್ಯ. ತಂತಿಗಳೋ ಬಟ್ಟೆ ಒಣಹಾಕುವ ಹಗ್ಗದಂತೆ ಎತ್ತರದಲ್ಲಿ ನಿಂತಿದ್ದವು. ಹುಡುಗ ಹದಿನೈದು ದಿನ ಒತ್ತಿದ, ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತು, ನಾದ ಮಾತ್ರ ಏಳಲಿಲ್ಲ. ‘ನನಗೆ ಸಂಗೀತ ಬರುವುದಿಲ್ಲ’ ಎಂದು ಕೈಬಿಟ್ಟ. ವಾದ್ಯದ ತಪ್ಪನ್ನು ಕೂಸು ತನ್ನ ತಪ್ಪೆಂದು ತಿಳಿಯಿತಲ್ಲ, ಅದೇ ನಮ್ಮ ಮನಸ್ಸಿಗೆ ಚುಚ್ಚಿದ್ದು.

ದೀಪಾವಳಿಗೆ ಊರಿಗೆ ಹೊರಟಾಗ ಅವ್ವನ ಮಾತನ್ನೂ ನೆರವೇರಿಸಿದಂತಾಗಲಿ ಎಂದು ಮಿರಜದಲ್ಲಿ ಇಳಿದೆವು. ಪುಣೆಯಿಂದ ಬೆಳಗಾವಿಯ ಕಡೆಗೆ ಹೋಗುವ ಗಾಡಿಗೆ ಮಿರಜ ದೊಡ್ಡ ಜಂಕ್ಷನ್ನು. ಮುಂದಿನ ಗಾಡಿಗೆ ಐದು ತಾಸು ವೇಳೆಯಿತ್ತು. ಮಿರಜವೆಂದರೆ ಮರಾಠಿ, ಕನ್ನಡ, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಬರುವ ಊರು. ಇಲ್ಲಿಯ ಶಿಕಲಗಾರರು ಹಿಂದೆ ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧದ ಕಾಲ ಮುಗಿಯುತ್ತಲೇ ಅದೇ ಕೈಗಳು ಸಿತಾರ, ತಂಬೂರಿಗಳ ಕಡೆಗೆ ತಿರುಗಿದವು. ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಕಡೆಯ ಹೊಲಗಳಿಂದ ಬರುತ್ತದೆ. ೨೦೨೪ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಸರಕಾರದ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು. ಉಸ್ತಾದ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದೂ ಇದೇ ಊರಿನಲ್ಲಿ. ೧೯೩೭ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಆ ಗಂಧರ್ವರ ಶಿಷ್ಯರು ನಮ್ಮ ಗದಗಿನ ಭೀಮಸೇನ ಜೋಶಿಯವರು. ಗುರುಗಳ ಹೆಸರಿನಲ್ಲಿ ಜೋಶಿಯವರು ೧೯೫೩ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ಇಷ್ಟನ್ನು ಅವ್ವ ನಮಗಿಂತ ಚೆನ್ನಾಗಿ ಬಲ್ಲಳು.

ಸಿತಾರ ಮಾಡುವವರ ಓಣಿಯಲ್ಲಿ ಒಂದು ಅಂಗಡಿಯನ್ನು ಹೊಕ್ಕೆವು. ಮುದುಕರೊಬ್ಬರು ತಂಬೂರಿಯ ಕುದುರೆಯನ್ನು ಅರದಿಂದ ಉಜ್ಜುತ್ತ ಕುಳಿತಿದ್ದರು. ಒಂದಿಷ್ಟು ಉಜ್ಜುವುದು, ಮೀಟುವುದು, ಕಿವಿಗೊಡುವುದು, ಮತ್ತೆ ಉಜ್ಜುವುದು. ತಂತಿಯ ಝೇಂಕಾರವೆಲ್ಲ ಆ ಎಲುಬಿನ ತುಂಡಿನ ಇಳಿಜಾರಿನಲ್ಲಿದೆ. ಬೆಲೆ ಕೇಳಿದೆವು; ಒಳ್ಳೆಯ ತಂಬೂರಿ ನಮ್ಮ ಎಂಟು ಸಾವಿರಕ್ಕೆ ನಿಲುಕುವಂತಿರಲಿಲ್ಲ. ಮಗಳ ಗಿಟಾರಿನ ಆಸೆಯನ್ನೂ ಹೇಳಿದೆವು. ಅವರು ನಕ್ಕು, ನಮ್ಮ ಕಡೆಯ ಕನ್ನಡದಲ್ಲಿಯೇ ಅಂದರು:

“ಗಿಟಾರ ನಮ್ಮ ಕೆಲಸ ಅಲ್ರಿ. ಆದರ ತಂತಿ ವಾದ್ಯದ ಧರ್ಮ ಎಲ್ಲಾ ಒಂದ. ಬಲ್ಲವನ ಕೈಯಾಗ ಎಂಥಾ ಕಟಗೀನೂ ನುಡೀತದ. ಕಲಿಯೋರ ಕೈಯಾಗ ಮಾತ್ರ ಛಲೋ ಇದ್ದದ್ದ ಇರಬೇಕು. ಬಣ್ಣಾ ನೋಡಬ್ಯಾಡ್ರಿ; ಕೂಸು ಒತ್ತಿದ್ರ ತಂತಿ ಮಣೀತದೋ ಇಲ್ಲೋ ನೋಡ್ರಿ. ಶ್ರುತಿ ನಿಲ್ತದೋ ಇಲ್ಲೋ ನೋಡ್ರಿ.”

ಮೊದಲ ವಾದ್ಯವೆಂದರೆ ‘ಹೇಗಿದ್ದರೂ ನಡೆದೀತು, ಕಲಿತ ಮೇಲೆ ಒಳ್ಳೆಯದು ತಂದರಾಯಿತು’ ಎನ್ನುವ ಲೋಕರೂಢಿಗೆ ಇದು ತೀರ ತಿರುಗುಮುರುಗು. ನಾವು ಅದನ್ನೇ ಮಂತ್ರವಾಗಿ ಹಿಡಿದು ಪುಣೆಗೆ ಮರಳಿದೆವು.

ಶನಿವಾರ ಕಚೇರಿಗೆ ರಜೆ. ಮಗಳೂ ನಾವೂ ಗಾಡಿತಳದಲ್ಲಿ ಬಸ್ಸು ಹತ್ತಿದೆವು. ಬಸ್ಸಿಗೇ ಬೇರೆ ದಾರಿ ಮಾಡುವ ಪ್ರಯೋಗ ನಮ್ಮ ದೇಶದಲ್ಲಿ ಮೊಟ್ಟಮೊದಲು ೨೦೦೬ರಲ್ಲಿ ನಡೆದದ್ದು ಕಾತ್ರಜದಿಂದ ಸ್ವಾರಗೇಟಿನ ಮೂಲಕ ಹಡಪಸರಕ್ಕೆ ಬರುವ ಈ ದಾರಿಯಲ್ಲಿ. ಆದರೂ ವೈದುವಾಡಿ, ರಾಮಟೇಕಡಿ, ಫಾತಿಮಾನಗರ ದಾಟಿ, ಕುದುರೆ ಜೂಜಿನ ಬಯಲನ್ನು ಬಳಸಿ ಪುಲಗೇಟ ಮುಟ್ಟುವಷ್ಟರಲ್ಲಿ ಮುಕ್ಕಾಲು ತಾಸು ಕಳೆಯಿತು.

ಪುಲಗೇಟಿನಿಂದ ಕ್ಯಾಂಪು ಹತ್ತಿರ. ಇಂಗ್ಲಿಷರ ದಂಡು ಇದ್ದ ಕಾಲದಿಂದಲೂ ಇಲ್ಲಿ ಇಗರ್ಜಿಗಳು, ಬ್ಯಾಂಡಿನವರು, ಗೋವೆಯಿಂದ ಬಂದ ಕುಟುಂಬಗಳು. ಗಿಟಾರಿಗೆ ಇದು ಹಳೆಯ ನೆಲೆ. ಮೊದಲನೆಯ ಅಂಗಡಿಯಲ್ಲಿ ಗೋಡೆಯ ತುಂಬ ಗಿಟಾರು. ಅಲ್ಲಿಯ ತರುಣನು ಎಲ್ಲಕ್ಕಿಂತ ದೊಡ್ಡದನ್ನು ತೆಗೆದು ಮಗಳ ತೊಡೆಯ ಮೇಲಿಟ್ಟ. ‘ಡ್ರೆಡ್‌ನಾಟ್’ ಎಂದು ಅದರ ಹೆಸರಂತೆ. ೧೯೧೬ರ ಸುಮಾರಿಗೆ ಅಮೆರಿಕದ ಮಾರ್ಟಿನ್ ಕಂಪನಿ ಮಾಡಿದ ಈ ದೊಡ್ಡ ಮಾದರಿಗೆ ಇಂಗ್ಲಿಷರ ಯುದ್ಧನೌಕೆಯ ಹೆಸರು. ಹೆಸರಿಗೆ ತಕ್ಕಂತೆ ಅದು ಹಡಗೇ ಆಗಿತ್ತು. ಮಗಳ ಗದ್ದ ವಾದ್ಯದ ಅಂಚಿಗೆ ತಾಗಿತು. ಬಲಗೈ ಮುಂದೆ ಬರಬೇಕಾದರೆ ಭುಜವನ್ನು ಕಿವಿಯ ತನಕ ಎತ್ತಬೇಕಾಯಿತು. “ಬೆಳೆಯುವ ಮಗು, ಇದೇ ಇರಲಿ ಸರ್,” ಎಂದ ತರುಣ. ಶಾಲೆಯ ಬೂಟನ್ನು ಒಂದಂಗುಲ ದೊಡ್ಡದು ಕೊಳ್ಳುವುದು ನಮ್ಮಂಥವರ ಮನೆಯ ಪದ್ಧತಿಯೇ ಸರಿ. ಆದರೆ ಬೂಟು ಸಡಿಲವಾದರೂ ನಡೆಯಬಹುದು; ವಾದ್ಯ ದೊಡ್ಡದಾದರೆ ಕೂಡ್ರುವ ರೀತಿಯೇ ಕೆಡುತ್ತದೆ. ನಮಸ್ಕಾರ ಹೇಳಿ ಹೊರಬಂದೆವು.

ಅಳತೆಯ ಮಾತು ಇಲ್ಲಿಯೇ ಹೇಳಿಬಿಡುತ್ತೇವೆ. ದೊಡ್ಡವರ ಗಿಟಾರು ತುದಿಯಿಂದ ತುದಿಗೆ ಸುಮಾರು ೪೦ ಅಂಗುಲ. ‘ಮುಕ್ಕಾಲು’ ಎಂದು ಕರೆಯುವ ಚಿಕ್ಕದು ಸುಮಾರು ೩೬ ಅಂಗುಲ. ಎಂಟರಿಂದ ಹನ್ನೊಂದು-ಹನ್ನೆರಡರ ಮಕ್ಕಳಿಗೆ ಸಾಮಾನ್ಯವಾಗಿ ಇದು ಒಪ್ಪುತ್ತದೆ. ವಯಸ್ಸಿಗಿಂತ ಕೈಯನ್ನು ನೋಡಬೇಕು. ಕುಳಿತಾಗ ಬಲದೋಳು ವಾದ್ಯದ ಮೇಲೆ ಸಲೀಸಾಗಿ ಬೀಳಬೇಕು. ಎಡಗೈ ಮೊಣಕೈ ಚಾಚದೆ ಮೊದಲನೆಯ ಮೆಟ್ಟನ್ನು ಮುಟ್ಟಬೇಕು.

ಎರಡನೆಯ ಅಂಗಡಿ ಲಕ್ಷ್ಮೀ ರಸ್ತೆಯ ಬದಿಯದು. ಪುಣೆಯ ಪೇಠೆಗಳ ಹಳೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬಾಗಿಲು ಹಾಕುವುದು ಜಗತ್ಪ್ರಸಿದ್ಧ. ನಾವು ಒಂದಕ್ಕೆ ಇಪ್ಪತ್ತು ಮಿನಿಟು ಇರುವಾಗ ಒಳಹೊಕ್ಕೆವು. ಹಾರ್ಮೋನಿಯಮ್ಮು, ತಬಲಾಗಳ ನಡುವೆ ಕುಳಿತಿದ್ದ ಹಿರಿಯರು ಗಡಿಯಾರ ನೋಡಿದರು. ನಮ್ಮ ಮರಾಠಿಯ ಧಾಟಿ ಕೇಳಿ, ಯಾವ ಊರೆಂದು ವಿಚಾರಿಸಿದರು. ಗದಗೆಂದ ಕೂಡಲೆ, “ಭೀಮಸೇನರ ಊರ ಕಡೆಯವರೇ!” ಎಂದು ಸ್ಟೂಲು ಎಳೆದುಕೊಟ್ಟರು. ಒಂದು ಗಂಟೆ ಹೊಡೆದದ್ದು ಅವರಿಗೂ ನಮಗೂ ಕೇಳಿಸಲಿಲ್ಲ. ಆ ಕಾಕಾ ತೋರಿಸಿಕೊಟ್ಟ ಪರೀಕ್ಷೆಗಳನ್ನು ವಾಚಕರ ಉಪಯೋಗಕ್ಕೆಂದು ಬರೆಯುತ್ತೇವೆ. ಇವಕ್ಕೆ ಸಂಗೀತ ಬರಬೇಕಾಗಿಲ್ಲ. ಮಕ್ಕಳ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿ, ಒಂದು ತುಂಡು ಕಾಗದ, ಎರಡು ಕಿವಿ ಇದ್ದರೆ ಸಾಕು.

ಮೊದಲನೆಯದು ತಂತಿಯ ಎತ್ತರ. ನಮ್ಮ ವೀಣೆಯಂತೆ ಗಿಟಾರಿನ ದಂಡಿಯ ಮೇಲೂ ಮೆಟ್ಟುಗಳಿವೆ. ಅಂಗಡಿಯವರು ‘ಫ್ರೆಟ್’ ಎನ್ನುತ್ತಾರೆ. ಹನ್ನೆರಡನೆಯ ಮೆಟ್ಟಿನ ಮೇಲೆ ಪಟ್ಟಿ ನಿಲ್ಲಿಸಿ ಅಳೆಯಬೇಕು. ಉಕ್ಕಿನ ತಂತಿಯಾದರೆ ಮೆಟ್ಟಿನಿಂದ ಎರಡು-ಎರಡೂವರೆ ಮಿಲಿಮೀಟರು, ನೈಲಾನಿನದಾದರೆ ಮೂರರಿಂದ ನಾಲ್ಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕಲಿಯುವವರ ಬೆರಳಿಗೆ ಶಿಕ್ಷೆ. ತೀರ ಕಡಿಮೆಯಿದ್ದರೆ ತಂತಿ ಮೆಟ್ಟಿಗೆ ತಗುಲಿ ಗರಗರ ಎನ್ನುತ್ತದೆ.

ಎರಡನೆಯದು ದಂಡಿಯ ನೇರ. ತಂತಿಯನ್ನು ಮೊದಲನೆಯ ಮೆಟ್ಟಿನಲ್ಲಿಯೂ, ದಂಡಿ ಒಡಲಿಗೆ ಕೂಡುವ ಮೆಟ್ಟಿನಲ್ಲಿಯೂ ಒಮ್ಮೆಗೇ ಒತ್ತಿದರೆ ತಂತಿಯೇ ಸೂತ್ರದ ದಾರವಾಗುತ್ತದೆ. ನಡುವೆ ಒಂದು ಕಾಗದ ತೂರುವಷ್ಟು ಸಂದಿಯಿದ್ದರೆ ಸರಿ. ಬೆರಳು ಹೊಗುವಂತಿದ್ದರೆ ದಂಡಿ ಬಾಗಿದೆಯೆಂದು ಅರ್ಥ.

ಮೂರನೆಯದು ಸ್ವರದ ಸತ್ಯ. ಹನ್ನೆರಡನೆಯ ಮೆಟ್ಟು ತಂತಿಯ ಸರಿ ಅರ್ಧದಲ್ಲಿರುತ್ತದೆ; ಅಲ್ಲಿ ಒತ್ತಿ ಮೀಟಿದರೆ ಬಿಟ್ಟ ತಂತಿಯ ತಾರಸ್ವರ ಬರಬೇಕು. ಅದೇ ಜಾಗದಲ್ಲಿ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದರೆ ಗಂಟೆಯಂಥ ನಾದ ಹೊರಡುತ್ತದೆ. ಎರಡೂ ಒಂದೇ ಆಗಿರಬೇಕು. ಬೇರೆಯಾದರೆ ಆ ವಾದ್ಯ ಮೇಲಿನ ಸ್ವರಗಳಲ್ಲಿ ಎಂದೂ ಶ್ರುತಿ ಸೇರಲಾರದು. ಕೂಸಿನ ಕಿವಿಯೂ ಅದರೊಡನೆ ಕೆಡುತ್ತದೆ.

ನಾಲ್ಕನೆಯದು ತಾಳ್ಮೆಯ ಪರೀಕ್ಷೆ. ಆರೂ ತಂತಿಗಳನ್ನು ಶ್ರುತಿಗೂಡಿಸಿ ಹತ್ತು ಮಿನಿಟು ವಾದ್ಯವನ್ನು ಬದಿಗಿಟ್ಟು ಮಾತಾಡುತ್ತ ಕೂಡ್ರಬೇಕು. ಮತ್ತೆ ಮೀಟಿದಾಗ ಶ್ರುತಿ ನಿಂತಿರಬೇಕು. ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಸಡಿಲುವುದು ಸ್ವಭಾವ. ಆದರೆ ಬಿರಡೆ ತಿರುಗಿಸುವಾಗ ಕಟಕಟನೆ ಜಿಗಿದರೆ ಅದು ಬಿರಡೆಯ ದೋಷ.

ಕೊನೆಗೆ, ಎಲ್ಲ ತಂತಿಗಳನ್ನೂ ಪ್ರತಿಯೊಂದು ಮೆಟ್ಟಿನಲ್ಲಿ ಒತ್ತಿ ನೋಡುವುದು, ದಂಡಿಯ ಅಂಚಿಗೆ ಅಂಗೈ ಸವರಿ ಮೆಟ್ಟಿನ ತುದಿಗಳು ಚುಚ್ಚುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಕುದುರೆಯ ಹಿಂದೆ ಕಾಗದ ತೂರಿಸಿ ಅದು ಎದ್ದಿಲ್ಲವೆಂದು ನೋಡುವುದು. ಇಷ್ಟಾದರೆ ತಪಾಸಣೆ ಮುಗಿಯಿತು.

ಇನ್ನು ತಂತಿ ಯಾವುದು? ಉಕ್ಕಿನ ತಂತಿಯದು ಝಣಝಣ ನಾದ, ಸಿನಿಮಾ ಪದಗಳಿಗೆ ಒಪ್ಪುವಂಥದು. ನೈಲಾನಿನದು ಮೃದು. ಹಿಂದೆ ಈ ಜಾಗದಲ್ಲಿ ಪ್ರಾಣಿಯ ಕರುಳಿನ ತಂತಿಯಿತ್ತು. ಎರಡನೆಯ ಮಹಾಯುದ್ಧದ ತರುವಾಯ ನೈಲಾನು ಬಂದಿತು. ಆರೂ ತಂತಿಗಳ ಒಟ್ಟು ಎಳೆತ ನೈಲಾನಿನಲ್ಲಿ ಸುಮಾರು ೪೦ ಕಿಲೋ ಆದರೆ ಉಕ್ಕಿನಲ್ಲಿ ೭೦ ಕಿಲೋದ ಆಸುಪಾಸು. ಆದ್ದರಿಂದ ನೈಲಾನಿನ ಗಿಟಾರಿಗೆ ಯಾರೇ ಹೇಳಿದರೂ ಉಕ್ಕಿನ ತಂತಿ ಕಟ್ಟಬಾರದು. ಕುದುರೆ ಕಿತ್ತುಕೊಂಡು ಬರುತ್ತದೆ. ಹೀಗೆಂದು ಎಲ್ಲರೂ ನೈಲಾನನ್ನೇ ಕೊಳ್ಳಬೇಕೆಂದಲ್ಲ. ಹದಿನೈದು ತುಂಬಿದ ಹುಡುಗನಿಗೆ ಉಕ್ಕಿನ ನಾದವೇ ಬೇಕಾಗಿದ್ದರೆ ಅದನ್ನೇ ಕೊಡಿಸಬೇಕು. ತೆಳುವಾದ ತಂತಿ, ಅಂದರೆ ಮೊದಲ ತಂತಿ ಅಂಗುಲದ ಸಾವಿರದಲ್ಲಿ ಹತ್ತು ಅಥವಾ ಹನ್ನೊಂದು ಭಾಗದ್ದು, ಕೇಳಿ ಹಾಕಿಸಿದರಾಯಿತು. ಮನಸ್ಸಿಗೆ ಒಗ್ಗದ ನಾದದ ಮುಂದೆ ಯಾವ ಕೂಸೂ ದಿನಾಲು ಕೂಡ್ರುವುದಿಲ್ಲ. ನಮ್ಮವಳು ಎರಡನ್ನೂ ಮೀಟಿ ನೋಡಿ, ಕಣ್ಣು ಮುಚ್ಚಿ, ನೈಲಾನಿನದನ್ನೇ ಮುಟ್ಟಿದಳು.

ಕಟ್ಟಿಗೆಯ ಮಾತೂ ಬಂದಿತು. ಗಿಟಾರಿನ ಮೇಲ್ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಶೀತದೇಶದ ಮರದ್ದು. ದುಬಾರಿಯದರಲ್ಲಿ ಅದು ಇಡೀ ಹಲಗೆ. ಅಗ್ಗದ್ದರಲ್ಲಿ ತೆಳು ಪದರುಗಳನ್ನು ಅಂಟಿಸಿದ್ದು. ಇಡೀ ಹಲಗೆಯ ನಾದ ಹೆಚ್ಚು ತುಂಬಿದ್ದು, ನಿಜ. ಆದರೆ ಏಪ್ರಿಲದಲ್ಲಿ ಒಣಗಿ ಬಿರಿಯುವ, ಜುಲೈದಲ್ಲಿ ನೆನೆದು ಉಬ್ಬುವ ನಮ್ಮ ಹಡಪಸರದ ಹವೆಯಲ್ಲಿ, ಇನ್ನೂ ವಾದ್ಯ ಜೋಪಾನ ಮಾಡಲರಿಯದ ಮಕ್ಕಳ ಕೈಯಲ್ಲಿ, ಪದರಿನ ಹಲಗೆಯೇ ಗಟ್ಟಿ. ಅದಕ್ಕೆ ನಾಚಬೇಕಾಗಿಲ್ಲ.

ಹಾಗೆಯೇ ಒಂದು ಬೆಲೆಬಾಳುವ ಗಿಟಾರನ್ನು ಸುಮ್ಮನೆ ತೋರಿಸೆಂದು ಕೇಳಿದೆವು. ಹಿಂಬದಿ, ಪಕ್ಕೆಗಳೆಲ್ಲ ಕಂದುನೇರಳೆ ಬಣ್ಣದ, ಕರಿಯ ಗೆರೆಯ ಕಟ್ಟಿಗೆ. “ಇಂಡಿಯನ್ ರೋಜ್‌ವುಡ್,” ಎಂದರು ಕಾಕಾ. ನೋಡಿದರೆ ನಮ್ಮ ಬೀಟೆ! ಮೈಸೂರಿನ ಕುಶಲಿಗಳು ಕೆತ್ತನೆಯ ಚಿತ್ರ ಕೂಡಿಸುವ ಬೀಟೆ, ನಮ್ಮ ಘಟ್ಟದ ಕಾಡಿನ ಮರ. ಹಿಂದೆ ಅಮೆರಿಕದವರು ಬ್ರಾಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. ಅದು ಸಿಗದಂತಾಗುತ್ತ ಬಂದಾಗ ಮಾರ್ಟಿನ್ ಕಂಪನಿಯವರು ೧೯೬೯ರಲ್ಲಿ ಭಾರತದ ಬೀಟೆಗೆ ತಿರುಗಿದರು. ಅಂದಿನಿಂದ ಲೋಕದ ಹೆಸರಾಂತ ಗಿಟಾರುಗಳ ಬೆನ್ನಿಗೆ ಈ ಮರ ಬಂದಿದೆ. ಅತಿಯಾಗಿ ಕಡಿದಾರೆಂದು ೨೦೧೭ರಲ್ಲಿ ಬೀಟೆಯ ಜಾತಿಗೆಲ್ಲ ಅಂತರರಾಷ್ಟ್ರೀಯ ಕಟ್ಟಳೆ ಬಿದ್ದಿತು. ತಯಾರಾದ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ದೊರೆಯಿತು. ಮಗಳಿಗೆ, “ನೋಡವ್ವ, ಇದು ನಮ್ಮ ಕಡೆಯ ಗಿಡ,” ಎಂದು ಹೇಳಿದೆವು. ಅವಳು ಬೆನ್ನು ಸವರಿ, “ಹಂಗಾದ್ರ ಇದಕ್ಕ ಕನ್ನಡ ಬರ್ತದೇನಪ್ಪಾ?” ಎಂದು ಕೇಳಿದಳು. ಕಾಕಾರಿಗೆ ಅದನ್ನು ಮರಾಠಿಯಲ್ಲಿ ತಿಳಿಸಿದಾಗ ಅವರು ಬಹಳ ನಕ್ಕರು. ಅದರ ಬೆಲೆ ನಮ್ಮ ಎರಡು ತಿಂಗಳ ಪಗಾರ; ಜೋಪಾನವಾಗಿ ಗೋಡೆಗೇ ಮರಳಿಸಿದೆವು.

ಕೊನೆಗೆ ನಾವು ಕೊಂಡದ್ದು ಮುಕ್ಕಾಲು ಅಳತೆಯ, ನೈಲಾನ್ ತಂತಿಯ, ಬಣ್ಣದ ಮೆರುಗಿಲ್ಲದ ಒಂದು ಗಿಟಾರು. ವಾದ್ಯಕ್ಕೆ ಆರೂವರೆ ಸಾವಿರ, ಚೀಲಕ್ಕೆ ಏಳುನೂರು. ತಂತಿ ಅರ್ಧ ಮಿಲಿಮೀಟರು ಎತ್ತರವಾಗಿತ್ತು. ಕುದುರೆಯ ಪಟ್ಟಿಯನ್ನು ಉಜ್ಜಿ ಇಳಿಸಲು ಕಾಕಾ ಐದುನೂರು ತೆಗೆದುಕೊಂಡರು. ನಮ್ಮ ದೃಷ್ಟಿಯಲ್ಲಿ ಒಳ್ಳೆಯ ವೆಚ್ಚವೆಂದರೆ ಆ ಐದುನೂರೇ. ಎಂಟು ಸಾವಿರವಿಲ್ಲದಿದ್ದರೆ ಐದಕ್ಕೂ ಕಲಿಯುವಂಥದು ಸಿಕ್ಕೀತು, ಹಳೆಯದು ಕೊಂಡರೂ ನಡೆದೀತು. ಆದರೆ ಮೇಲಿನ ಪರೀಕ್ಷೆಗಳನ್ನು ಬಿಡಬಾರದು, ಮುಟ್ಟಿ ನೋಡದೆ ಕೊಳ್ಳಬಾರದು, ಬಲ್ಲವರೊಬ್ಬರಿಂದ ತಂತಿಯ ಎತ್ತರ ಸರಿಪಡಿಸದೆ ಕೂಸಿನ ಕೈಗೆ ಕೊಡಬಾರದು.

ಮನೆಗೆ ತಂದು ಅವ್ವನ ಮುಂದೆ ಇಟ್ಟೆವು. ಅವಳು ಮೊದಲು ಕೇಳಿದ್ದು, “ಇದರಾಗ ಮೀಂಡ ಬರ್ತದೇನು?” ಎಂದು. ಪ್ರಶ್ನೆ ದೊಡ್ಡದು. ಗಿಟಾರಿನ ಮೆಟ್ಟುಗಳು ಒಂದೊಂದು ಸ್ವರಕ್ಕೆ ಗೆರೆ ಹಾಕಿ ನಿಂತಿವೆ. ವೀಣೆ, ಸಿತಾರಗಳಂತೆ ತಂತಿಯನ್ನು ಬಹುದೂರ ಎಳೆಯಲಾಗದು. ಆದರೂ ನಮ್ಮವರು ದಾರಿ ಹುಡುಕದೆ ಬಿಟ್ಟಿಲ್ಲ. ಬ್ರಿಜಭೂಷಣ ಕಾಬ್ರಾ ಅವರು ತೊಡೆಯ ಮೇಲೆ ಗಿಟಾರನ್ನು ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ರಾಗ ನುಡಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾರೊಡನೆ ಅವರು ನುಡಿಸಿದ ‘ಕಾಲ್ ಆಫ್ ದ ವ್ಯಾಲಿ’ ೧೯೬೭ರದು. ವಿಶ್ವಮೋಹನ ಭಟ್ಟರು ಗಿಟಾರಿಗೆ ಹೆಚ್ಚಿನ ತಂತಿ ಕಟ್ಟಿ ಮೋಹನವೀಣೆಯನ್ನೇ ಮಾಡಿ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಗಿಟಾರು ಹಿಡಿದು ಶರೀಫರ ಪದಗಳನ್ನು ಪರದೇಶದ ವೇದಿಕೆಗಳಲ್ಲಿ ಹಾಡಿದ್ದಾರೆ. ಅವರು ಹುಟ್ಟಿದ್ದು ಮಹಾರಾಷ್ಟ್ರದ ನಾಸಿಕದಲ್ಲಿ. ಶರೀಫರ ಹೆಸರು ಕೇಳಿ ಅವ್ವ, “ಹೌದs?” ಎಂದಳು, ಅಷ್ಟೆ.

ಗಿಟಾರಿನ ಶ್ರುತಿಯನ್ನು ನಮ್ಮ ಲೆಕ್ಕದಲ್ಲಿ ಹೀಗೆ ತಿಳಿಯಬಹುದು. ದಪ್ಪ ತಂತಿಯನ್ನು ಷಡ್ಜವೆಂದರೆ ಅದರ ಮುಂದಿನದು ಅದರ ಮಧ್ಯಮ. ಆ ಮಧ್ಯಮವನ್ನೇ ಷಡ್ಜವೆಂದರೆ ಅದರ ಮುಂದಿನದು ಮತ್ತೆ ಮಧ್ಯಮ. ಹೀಗೆಯೇ ಏರುತ್ತ ಹೋಗಿ, ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ಗಾಂಧಾರದ ದೂರ. ಕೊನೆಗೆ ಮೊದಲ ತಂತಿ ದಪ್ಪ ತಂತಿಯ ಷಡ್ಜವನ್ನೇ ಎರಡು ಸ್ಥಾಯಿ ಮೇಲೆ ಹೇಳುತ್ತದೆ. ಶ್ರುತಿ ತೋರಿಸುವ ಸಾಧನ ಈಗ ಎಲ್ಲರ ಫೋನಿನಲ್ಲಿಯೂ ಪುಕ್ಕಟೆ ಸಿಗುತ್ತದೆ. ಆದರೂ ಮೊದಲು ಕಿವಿಯಿಂದ ಸೇರಿಸಿ, ಆಮೇಲೆ ಫೋನಿನಲ್ಲಿ ತಾಳೆ ನೋಡುವುದು ಒಳ್ಳೆಯ ರೂಢಿ.

ಮೊದಲ ಮೂರು ವಾರ ಬೆರಳು ನೋಯುವುದು ಯಾರಿಗೂ ತಪ್ಪಿದ್ದಲ್ಲ. ದಿನಕ್ಕೆ ಹದಿನೈದು ಮಿನಿಟಿಗಿಂತ ಹೆಚ್ಚು ಬೇಡವೆಂದು ಶಿಲ್ಲಾಂಗಿನ ಮಾಸ್ತರನ ಕಟ್ಟಪ್ಪಣೆ. ನೋವು ಬಂದಿತು, ಹೋಯಿತು. ವಾದ್ಯ ಕೆಳಗಿಳಿಯಲಿಲ್ಲ.

ಒಂದು ರವಿವಾರ ಆ ಮಾಸ್ತರ ನಮ್ಮ ಮನೆಗೆ ಚಹಕ್ಕೆ ಬಂದ. ಒಳಗೆ ಅವ್ವ ಪದ ಗುನುಗುತ್ತಿದ್ದುದು ಅವನಿಗೆ ಕೇಳಿಸಿತು. ಅವಳಿಗೆ ಅವನ ಹಿಂದಿ ತಿಳಿಯದು, ಅವನಿಗೆ ಇವಳ ಕನ್ನಡ ತಿಳಿಯದು. ಅವನು ಮಗಳ ಗಿಟಾರು ತೆಗೆದುಕೊಂಡು ಅವ್ವನ ಸ್ವರ ಹುಡುಕಿದ. ಹಾರ್ಮೋನಿಯಮ್ಮಿನ ಬಿಳಿ ಆರು. ಗಿಟಾರಿನ ಐದನೆಯ ತಂತಿ ಅದೇ ಸ್ವರದ ಮಂದ್ರ. ಅದನ್ನು ಹಾಗೆಯೇ ಬಿಟ್ಟು, ನಾಲ್ಕನೆಯದನ್ನೂ ಮೂರನೆಯದನ್ನೂ ಎರಡನೆಯ ಮೆಟ್ಟಿನಲ್ಲಿ ಒತ್ತಿದರೆ ಸಾ, ಪಾ, ಸಾ! ಎರಡು ಬೆರಳಿನ ಕೆಲಸ. ಮಗಳಿಗೆ ಅದನ್ನು ಹಿಡಿದು ನಿಧಾನವಾಗಿ ಒಂದೊಂದೇ ತಂತಿ ಮೀಟುವುದನ್ನು ತೋರಿಸಿಕೊಟ್ಟ. ಮಿರಜದ ತಂಬೂರಿಯ ಝೇಂಕಾರ ಅದರಲ್ಲಿಲ್ಲ, ಇರಲೂ ಸಾಧ್ಯವಿಲ್ಲ. ಆದರೆ ಶ್ರುತಿ ಶುದ್ಧವಾಗಿತ್ತು, ನಿಂತಿತ್ತು. ಅವ್ವ ಒಂದು ನಿಮಿಷ ಸುಮ್ಮನೆ ಕೇಳಿ, ಆಮೇಲೆ ಗಂಟಲು ಸರಿಪಡಿಸಿಕೊಂಡು ಹಾಡತೊಡಗಿದಳು.

ಈಗ ದೀಪ ಹಚ್ಚಿದ ಮೇಲಿನ ಅರ್ಧ ತಾಸು ಮುಕ್ಕಾಲು ತಾಸಾಗಿದೆ. ಪದ ಬಾಯಿಗೆ ಬರದಿದ್ದರೆ ಎಲ್ಲಿ ಮೀಟಬೇಕೆಂಬುದು ತಿಳಿಯುವುದಿಲ್ಲವಾದ್ದರಿಂದ, ಮಗಳು ತಾನಾಗಿಯೇ ವಹಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಪದಗಳನ್ನು ಬರೆದುಕೊಳ್ಳುತ್ತಿದ್ದಾಳೆ. ಒತ್ತಕ್ಷರಗಳು ತಪ್ಪುತ್ತವೆ, ಆಯಿ ತಿದ್ದುತ್ತಾಳೆ. ತಂಬೂರಿಯ ಮಾತನ್ನು ಅವ್ವ ಬಿಟ್ಟಿಲ್ಲ. ಮುಂದಿನ ತುಟ್ಟಿಭತ್ಯೆಯ ಬಾಕಿಗೆ ನೋಡೋಣವೆಂದು ನಾವೂ ಒಪ್ಪಿದ್ದೇವೆ.

ಇದನ್ನೋದಿದ ವಾಚಕರಲ್ಲಿ ಯಾರಾದರೂ ಮಕ್ಕಳಿಗೆ ಗಿಟಾರು ಕೊಳ್ಳುವ ವಿಚಾರದಲ್ಲಿದ್ದರೆ, ಅಳತೆಪಟ್ಟಿಯೊಂದನ್ನು ಕಿಸೆಯಲ್ಲಿ ಇಟ್ಟುಕೊಂಡು, ಕೂಸನ್ನು ಸಂಗಡ ಕರೆದುಕೊಂಡು ಅಂಗಡಿಗೆ ಹೋಗಬೇಕೆಂದು ವಿನಂತಿ. ಹಡಪಸರದ ಕಡೆಗೆ ಬಂದರೆ ನಮ್ಮ ಮನೆಗೂ ದಯಮಾಡಿಸಬೇಕು. ಗಾಡಿತಳದಲ್ಲಿ ಇಳಿದರೆ ಹತ್ತು ಮಿನಿಟಿನ ನಡಿಗೆ. ಚಹ, ಅವಲಕ್ಕಿ, ಎರಡು ದಾಸರ ಪದ ಖಂಡಿತ.